ಗಾಡಿ ಎಳೆದ ಕೈ

ದೋಣಿ ಕಲಿಯಲು ಬಂದ ಅಕ್ಕ-ತಮ್ಮರಲ್ಲಿ ದೊಡ್ಡವಳ ದೋಣಿ, ಕೆರೆಯೊಳಕ್ಕೆ ಚಾಚಿದ ಹಲಗೆಯ ಜೆಟ್ಟಿಗೆ ಮತ್ತೆ ಗುದ್ದಿತು. ಮೆತ್ತಗೇನಲ್ಲ, ಅಲ್ಲಿ ಚಹಾ ಕುಡಿಯುತ್ತ ನಿಂತಿದ್ದವರೆಲ್ಲ ಲೋಟ ಎತ್ತಿ ಹಿಡಿಯಬೇಕಾಯಿತು.

"ನೂರು ಸಲ ಹೇಳಿದ್ದೀನಿ," ಎಂದರು ದೋಣಿ ಕಲಿಸುವ ಮೇಡಂ. "ಎಡಕ್ಕೆ ಹೋಗಬೇಕಾ, ಕೋಲು ಬಲಕ್ಕೆ ತಳ್ಳು. ಇಷ್ಟೇ ತಾನೆ?"

ಇಷ್ಟೇ ಅಂತೆ. ಹೇಳುವವರಿಗೇನು ಕಷ್ಟ? ಹಾಯಿದೋಣಿಯ ಹಿಂದೆ ನೀರಿಗಿಳಿದ ಹಲಗೆ ಚುಕ್ಕಾಣಿ, ಅದನ್ನು ತಿರುಗಿಸಲು ಕೈಗೊಂದು ಕೋಲು. ಆ ಹಾಳು ಕೋಲು ಒಂದು ಕಡೆ ಹೋದರೆ ದೋಣಿಯ ಮೂತಿ ಇನ್ನೊಂದು ಕಡೆ. ಇದು ಅವಳ ತಲೆಗೆ ಚೆನ್ನಾಗಿ ಗೊತ್ತಿತ್ತು, ಕೈಗೆ ಗೊತ್ತಾಗಬೇಕಲ್ಲ. ಅಪ್ಪನ ಲಾಂಡ್ರಿಯಲ್ಲಿ ಇಸ್ತ್ರಿಯಾದ ಬಟ್ಟೆಯ ಗಂಟುಗಳನ್ನು ಗಾಡಿಗೆ ಹೇರಿ, ಓಣಿ ಓಣಿ ಎಳೆದುಕೊಂಡು ಹೋಗಿ ಮನೆಮನೆಗೆ ಮುಟ್ಟಿಸುವವಳು ಅವಳು. ಗಾಡಿಯ ಹಿಡಿಯನ್ನು ಎಡಕ್ಕೆ ಎಳೆದರೆ ಗಾಡಿ ಮರುಮಾತಿಲ್ಲದೆ ಎಡಕ್ಕೆ ಬರುತ್ತದೆ. ಕೈ ಕಲಿತದ್ದು ಅದನ್ನೇ.

ಇನ್ನು ಅವಳ ತಮ್ಮ. ಅವಳು ಬೆವರು ಸುರಿಸುತ್ತ ಎಳೆಯುವಾಗ ಅವನು ಗಂಟುಗಳ ಮೇಲೆ ದೊರೆಯ ಹಾಗೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಒಂದು ದಿನವೂ ಗಾಡಿಗೆ ಕೈ ಹಚ್ಚಿದವನಲ್ಲ. ಹಾಗಾಗಿ ಅವನ ಕೈಗೆ ಮರೆಯಬೇಕಾದದ್ದು ಏನೂ ಇರಲಿಲ್ಲ. ಕೋಲು ಹಿಡಿದ ಮೊದಲ ದಿನವೇ ನೀರು ಕುಡಿದಷ್ಟು ಸಲೀಸಾಗಿ ದೋಣಿ ತಿರುಗಿಸಿಬಿಟ್ಟಿದ್ದ. ದುಡಿದವಳಿಗೆ ಜೆಟ್ಟಿ, ಕೂತು ತಿಂದವನಿಗೆ ಶಹಬ್ಬಾಸ್! ಅವಳ ಹೊಟ್ಟೆ ಉರಿಯದೆ ಇನ್ನೇನಾದೀತು?

ಮರುದಿನ ಪರೀಕ್ಷೆ. ಪರೀಕ್ಷೆಗೆ ಬೇರೆ ಬೇರೆ ದೋಣಿ, ಆಮೇಲೆ ಒಂದು ಮನೆಯ ಮಕ್ಕಳಿಗೆ ಒಂದೇ ದೋಣಿ ಎಂಬುದು ಅಲ್ಲಿನ ಪದ್ಧತಿ. ಕೆರೆಯ ನಡುವಿನ ಕೆಂಪು ಡ್ರಮ್ಮನ್ನು ಸುತ್ತಿಕೊಂಡು ಯಾರು ಮೊದಲು ವಾಪಸು ಬರುತ್ತಾರೋ, ಬೇಸಿಗೆ ಮುಗಿಯುವ ತನಕ ಚುಕ್ಕಾಣಿ ಅವರದು. ಸೋತವರು ಮುಂದೆ ಕೂತು, ಹೇಳಿದಾಗ ಹಾಯಿಯ ಹಗ್ಗ ಎಳೆಯಬೇಕು. ಆ ತುಂಡು ಹುಡುಗ ಹಿಂದೆ ಕೂತು 'ಎಳಿ ಅಕ್ಕ, ಬಿಡು ಅಕ್ಕ' ಅನ್ನುವುದನ್ನು ನೆನೆದೇ ಅವಳಿಗೆ ರಾತ್ರಿಯ ಊಟ ಸೇರಲಿಲ್ಲ.

ಪರೀಕ್ಷೆಯಲ್ಲಿ ಅವಳು ತುಟಿ ಕಚ್ಚಿಕೊಂಡು, ಪ್ರತಿ ಸಲವೂ ಕೈಗೆ ಬುದ್ಧಿ ಹೇಳಿ, ಉಲ್ಟಾ ಉಲ್ಟಾ ಎಂದು ಗೊಣಗುತ್ತ ಡ್ರಮ್ಮನ್ನು ಸುತ್ತಿಯೇಬಿಟ್ಟಳು. ತಮ್ಮ ಆಗಲೇ ಮುಂದಿದ್ದ. ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ಇಬ್ಬರ ದೋಣಿಗಳೂ ನೇರ ಗಾಳಿಗೆ ಮೂತಿ ಕೊಟ್ಟು ನಿಂತವು. ಹಾಯಿ ಪಟಪಟ ಬಡಿದುಕೊಂಡಿತೇ ಹೊರತು ದೋಣಿ ಜಪ್ಪಯ್ಯ ಅಂದರೂ ಮುಂದಕ್ಕೆ ಹೋಗಲಿಲ್ಲ. ಬಲಗಡೆ ಜೊಂಡು, ಹೋಗಬೇಕಾದದ್ದು ಎಡಕ್ಕೆ.

ಅವಳು ಪಾಠದಲ್ಲಿದ್ದಂತೆ ಕೋಲನ್ನು ಬಲಕ್ಕೆ ತಳ್ಳಿದಳು. ಮೂತಿ ಜೊಂಡಿನ ಕಡೆಗೇ ಹೊರಳಿತು. ಮತ್ತೆ ತಳ್ಳಿದಳು. ಮತ್ತೆ ಜೊಂಡು. ಅವಳ ಕಣ್ಣಲ್ಲಿ ನೀರು ಬಂತು. ತಪ್ಪು ಮಾಡಿದಾಗ ಕೇಳಲಿಲ್ಲ, ಸರಿ. ಸರಿಯಾಗಿ ಮಾಡಿದರೂ ಕೇಳದಿದ್ದರೆ ಯಾರ ಹತ್ತಿರ ಹೇಳಿಕೊಳ್ಳುವುದು?

"ಹಾಳಾಗಿ ಹೋಗು ಅತ್ಲಾಗೆ," ಎಂದು ಬೈದು, ಗಾಡಿಯ ಹಿಡಿ ಎಳೆದಂತೆ ಕೋಲನ್ನು ಎಡಕ್ಕೇ ಎಳೆದಳು.

ದೋಣಿ ಸುಮ್ಮನೆ ಎಡಕ್ಕೆ ತಿರುಗಿತು.

ಅವಳು ಬಾಯಿ ಬಿಟ್ಟುಕೊಂಡು ನೀರು ನೋಡಿದಳು. ಗಾಳಿ ದೋಣಿಯನ್ನು ಹಿಂದಕ್ಕೆ ನೂಕುತ್ತಿತ್ತು. ಹಿಂದಕ್ಕೆ ಹೋಗುವಾಗ ಎಲ್ಲ ಉಲ್ಟಾ, ಅಂದರೆ ಅವಳ ಕೈಗೆ ಎಲ್ಲ ಸರಿ. ಹಾಯಿಗೆ ಗಾಳಿ ತುಂಬಿತು, ದೋಣಿ ಮುಂದಕ್ಕೆ ಓಡಿತು.

ತಮ್ಮನ ದೋಣಿ ಇನ್ನೂ ಅಲ್ಲೇ ಒದ್ದಾಡುತ್ತಿತ್ತು. ಅವನ ಮುಖವೆಲ್ಲ ಸಿಂಬಳ, ಕಣ್ಣೀರು. ಸುಮ್ಮನೆ ದಾಟಿ ಹೋದರೆ ಚುಕ್ಕಾಣಿ ಅವಳದು. ಹೋಗಬೇಕೆಂದೇ ಇತ್ತು ಅವಳಿಗೆ, ತುಂಬ ಇತ್ತು.

"ಲೋ, ಗಾಡಿ ಎಳೆದ ಹಾಗೆ ಎಳಿಯೋ," ಎಂದು ಕೂಗಿದಳು.

"ನಾನೆಲ್ಲಿ ಗಾಡಿ ಎಳೆದಿದ್ದೀನಿ?" ಎಂದು ಅವನು ಅತ್ತ.

ಅದೂ ನಿಜವೇ. ಹಲ್ಲು ಕಡಿಯುತ್ತ ಹಗ್ಗ ಸಡಿಲಬಿಟ್ಟು ದೋಣಿ ನಿಲ್ಲಿಸಿದಳು. "ಯಾವ ಕಡೆ ಹೋಗಬೇಕೋ ಆ ಕಡೆಗೇ ಕೋಲು ಎಳಿ. ಮುಂದಕ್ಕೆ ಹೊರಟ ಮೇಲೆ ಮೊದಲಿನ ಹಾಗೆ. ತಿಳೀತಾ ಕತ್ತೆ?"

ಅವನಿಗೆ ತಿಳಿಯಿತು. ಎಷ್ಟು ಚೆನ್ನಾಗಿ ತಿಳಿಯಿತೆಂದರೆ, ಅವಳು ಹಗ್ಗ ಬಿಗಿಯುವಷ್ಟರಲ್ಲಿ ಆ ಹಗುರ ದೇಹದವನು ಸರ್ರನೆ ಮುಂದೆ ಹೋಗಿ ಜೆಟ್ಟಿ ಮುಟ್ಟಿಬಿಟ್ಟಿದ್ದ.

"ಅದು ಮುಂದಿನ ವಾರದ ಪಾಠ. ನಿಂಗೆ ಯಾರು ಹೇಳಿಕೊಟ್ಟರು?" ಎಂದು ಮೇಡಂ ಅವನನ್ನು ಕೇಳಿದರು.

"ಅಕ್ಕ."

ಮೇಡಂ ಅವಳನ್ನು ಒಂದು ಗಳಿಗೆ ನೋಡಿದರು. ಆದರೂ ಪದ್ಧತಿ ಪದ್ಧತಿಯೇ, ಚುಕ್ಕಾಣಿ ತಮ್ಮನಿಗೆ ಹೋಯಿತು. ಅವಳು ಶೆಡ್ಡಿನ ಮೊಳೆಗೆ ಒದ್ದೆ ಲೈಫ್ ಜಾಕೆಟ್ಟು ನೇತುಹಾಕಿ, ಯಾರಿಗೂ ಕಾಣದಂತೆ ಗೋಡೆಗೆ ಮುಖ ಮಾಡಿ ಅತ್ತಳು.

ಸಂಜೆ ಲಾಂಡ್ರಿಯ ಹಿಂಬಾಗಿಲಲ್ಲಿ ಅವಳು ಮುಖ ಊದಿಸಿಕೊಂಡು ಗಂಟು ಹೇರುತ್ತಿದ್ದಳು. ತಮ್ಮ ಎಂದಿನಂತೆ ಮೇಲೆ ಹತ್ತಲಿಲ್ಲ. ಬಂದು ಗಾಡಿಯ ಹಿಡಿಗೆ ಕೈ ಹಾಕಿದ.

"ನೀನು ಹತ್ತು ಅಕ್ಕ. ನಾನು ಎಳೀತೀನಿ."

ಅವಳು ಹತ್ತಿ ಕೂತಳು. ಗಾಡಿ ಓಣಿಯ ತಿರುವಿಗೆ ಬಂತು. ಎಡಕ್ಕೆ ಹೋಗಬೇಕಿತ್ತು. ಅವನು ಹಿಡಿಯನ್ನು ಬಲಕ್ಕೆ ಎಳೆದ. ಗಾಡಿ ಹೋಗಿ ದೀಪದ ಕಂಬಕ್ಕೆ ಗುದ್ದಿತು, ಇಸ್ತ್ರಿಯಾದ ಗಂಟೊಂದು ಧೂಳಿಗೆ ಬಿತ್ತು. ಅವನು ಹಿಡಿಯನ್ನೂ ಕಂಬವನ್ನೂ ಪಿಳಿಪಿಳಿ ನೋಡುತ್ತ ನಿಂತ.

ಮೇಡಂ ದಿನಾ ಹೇಳುತ್ತಿದ್ದ 'ಇಷ್ಟೇ ತಾನೆ?' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಇಳಿದು, ಗಂಟಿನ ಧೂಳು ಕೊಡವಿ ಮೇಲಿಟ್ಟು, ಮತ್ತೆ ಹತ್ತಿ ಕೂತಳು.

"ಇನ್ನೊಂದು ಸಲ ಎಳಿ," ಎಂದಳು.