ಹೋಟೆಲ್ ಲಿಪಾದ ಮೂರನೆಯ ಕಾಫಿ

ಮದುವೆಯ ಮಾತಾಗಲಿ, ಮುನಿಸಿಕೊಂಡ ಅಣ್ಣತಮ್ಮಂದಿರ ರಾಜಿಯಾಗಲಿ, ಸತ್ತವರ ಮನೆಯವರಿಗೆ ಸಮಾಧಾನವಾಗಲಿ, ನಮ್ಮ ಸರಾಯೆವೊದ ಜನಕ್ಕೆ ಹೋಟೆಲ್ ಲಿಪಾದ ಹಜಾರವೇ ಆಗಬೇಕು. ಚಕ್ರವರ್ತಿಯ ಕಾಲದ ಕಟ್ಟಡ. ಆಮೇಲೆ ಎಷ್ಟು ಸರ್ಕಾರ ಬಂದವೋ ಹೋದವೋ, ಕುರ್ಚಿಗಳು ಮಾತ್ರ ಅವೇ. ಅಲ್ಲಿ ಊರವರ ಮದುವೆ ಮಾತಿಗೆಲ್ಲ ಕಾಫಿ ಹೊತ್ತವನು ವೇಟರ್ ಹಮ್ದಿಯಾ. ತನ್ನ ಮಾತು ಮಾತ್ರ ಅವನ ಬಾಯಿಂದ ಹೊರಡುತ್ತಿರಲಿಲ್ಲ. ಐವತ್ತು ದಾಟಿದ ಗಂಡಸು, ಛೇ!

ಹೇಳಬೇಕಾಗಿದ್ದದ್ದು ಟೋಪಿ ಹೊಲಿಯುವ ವಿಧವೆ ವಾಸ್ವಿಯಾಳಿಗೆ. ಶುಕ್ರವಾರ ಬಂತೆಂದರೆ ಅವಳು ಕಿಟಕಿ ಪಕ್ಕದ ಮೇಜಿನಲ್ಲಿ. ಅವಳು ಬಾರದ ಶುಕ್ರವಾರ ಅವನಿಗೆ ಊಟ ಸೇರುತ್ತಿರಲಿಲ್ಲ. ಈ ಸಲ ಅವಳ ಕಾಲ ಬಳಿ ಸೂಟ್‌ಕೇಸಿತ್ತು.

"ಲ್ಯುಬ್ಲ್ಯಾನಾಕ್ಕೆ ಹೊರಟೆ ಹಮ್ದಿಯಾ. ಇನ್ಮೇಲೆ ತಂಗಿ ಮನೇಲೇ ಇದ್ಬಿಡ್ತೀನಿ. ಸಂಜೆ ಬಸ್ಸು."

ಹಮ್ದಿಯಾ ಆ ಸೂಟ್‌ಕೇಸನ್ನೇ ನೋಡಿದ. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ಕಾಫಿ ತರ್ತೀನಿ" ಅಂದ.

ತಂದ. ಅವಳು ಕುಡಿಯುವಷ್ಟು ಹೊತ್ತೂ ಚಳಿಯ ವಿಷಯ ಮಾತಾಡಿದ. ಎದ್ದುಬಿಟ್ಟಾಳೆಂದು ಹೆದರಿ, ಅವಳು ಕೇಳದೆಯೇ ಇನ್ನೊಂದು ತಂದ. ಈಗ ಮಂಡಿನೋವಿನ ಮಾತು. ಅವಳು ಗಡಿಯಾರ ನೋಡಿದಳು. ಇವನು ಗಾಬರಿಬಿದ್ದು ಒಳಗೋಡಿ ಮತ್ತೊಂದು ತಂದಿಟ್ಟ.

ವಾಸ್ವಿಯಾಳ ಮುಖ ಸಪ್ಪಗಾಯಿತು.

ನಮ್ಮಲ್ಲಿ ಬಂದವರಿಗೆ ಮೊದಲ ಕಾಫಿ ಸ್ವಾಗತಕ್ಕೆ, ಎರಡನೆಯದು ಹರಟೆಗೆ. ಮೂರನೆಯದು ಬಂತೋ, 'ಕೂತಿದ್ದು ಸಾಕು, ಏಳಿ' ಎಂದರ್ಥ. ಹಸುಗೂಸಿಗೂ ಗೊತ್ತಿರುವ ಈ ಸಂಗತಿ ಆ ಗಳಿಗೆಯಲ್ಲಿ ಈ ಪುಣ್ಯಾತ್ಮನಿಗೆ ಮರೆತೇಹೋಗಿತ್ತು!

"ಆಯ್ತಪ್ಪ, ಅರ್ಥ ಆಯ್ತು," ಎಂದಳು. "ಇಷ್ಟು ವರ್ಷ ಕೂರಿಸ್ಕೊಂಡಿದ್ದೇ ಹೆಚ್ಚು." ಬಟ್ಟಲು ಮುಟ್ಟದೆ, ಸೂಟ್‌ಕೇಸ್ ಎತ್ತಿಕೊಂಡು ಹೊರಟೇಬಿಟ್ಟಳು.

ಹಿರಿಯ ವೇಟರ್ ಫೆಹಿಮ್ ಹಣೆ ಚಚ್ಚಿಕೊಂಡ. "ಮೂರನೇದು ಕೊಟ್ಯೇನೋ ಕತ್ತೆ? ಓಡೋ!"

ಹಮ್ದಿಯಾ ಕೈಯಲ್ಲಿದ್ದ ಟ್ರೇ ಸಮೇತ ಓಡಿದ. ಹೋಟೆಲಿನೆದುರಿನ ಟ್ರಾಮ್ ನಿಲ್ದಾಣದಲ್ಲಿ, ಅಷ್ಟೂ ಜನರ ಕಣ್ಣೆದುರಿಗೆ, ಅವಳ ಸೂಟ್‌ಕೇಸಿನ ಹಿಡಿ ಹಿಡಿದುಕೊಂಡ.

"ಎದ್ದೋಗಿ ಅಂತಲ್ಲ ವಾಸ್ವಿಯಾ ಅವ್ರೇ, ಎದ್ದೋಗ್ತೀರಲ್ಲ ಅನ್ನೋ ಭಯಕ್ಕೆ ತಂದೆ. ಹೋಗ್ಬೇಡಿ. ನಂಗೆ ನೀವು ಬೇಕು. ನನ್ನ ಮದ್ವೆ ಆಗಿ."

ಟ್ರಾಮ್ ಬಂತು, ಹೋಯಿತು. ಅವಳ ಉತ್ತರ ಕೇಳದೆ ಆ ಜನರಲ್ಲಿ ಯಾರು ಹತ್ತುತ್ತಾರೆ?

"ಇದನ್ನ ಹೇಳೋಕೆ ನಾನು ಊರು ಬಿಡೋ ದಿನಾನೇ ಬೇಕಾಗಿತ್ತಾ?" ಎಂದು ಗದರಿದಳು. ಕಣ್ಣು ತುಂಬಿತ್ತು. "ಬೀದೀಲಿ ನಿಂತು ಹೇಳೋ ಮಾತಾ ಇದು? ನಡೀರಿ ಒಳಗೆ. ಊರೋರೆಲ್ಲ ಎಲ್ಲಿ ಕೂತು ಹೇಳ್ತಾರೋ, ಅಲ್ಲೇ ಕೂತು ಹೇಳಿ."

ಆ ಹಜಾರದಲ್ಲಿ ಹಮ್ದಿಯಾ ಒಂದು ದಿನವೂ ಕೂತವನಲ್ಲ. ಯಾರಾದರೂ ಬಂದು ಎಬ್ಬಿಸಿಯಾರು ಎಂಬಂತೆ ಕುರ್ಚಿಯ ತುದಿಯಲ್ಲಿ ಕೂತ. ಫೆಹಿಮ್ ಬಂದು, ದೊಡ್ಡ ಮನುಷ್ಯರೆದುರು ಬಾಗುವಂತೆಯೇ ಬಾಗಿ ಕೇಳಿದ.

"ಸಾಹೇಬ್ರಿಗೆ ಏನು ತರ್ಲಿ?"

ಹಮ್ದಿಯಾ ಬಾಯಿ ತೆರೆದ. ಮಾತಿನ ಬದಲು ಅಳು ಬಂತು.

"ಇವ್ರಿಗೆ ಈಗ ಏನೂ ಬೇಡ," ಎಂದಳು ವಾಸ್ವಿಯಾ. "ಸ್ವಲ್ಪ ಹೊತ್ತು ಕೂತಿರ್ಲಿ."