ಕುರಿಗಳು ಬಿಟ್ಟ ಹುಲ್ಲು

ಹಸಿದ ಕುರಿ ಮುಳ್ಳನ್ನೂ ಬಿಡುವುದಿಲ್ಲ, ಬೇಲಿಯನ್ನೂ ಬಿಡುವುದಿಲ್ಲ. ಕಾರ್ಖಾನೆಯವರು ಒಣಹಾಕಿದ್ದ ಎರಡು ಜೊತೆ ಕೈಗವಸುಗಳನ್ನೇ ಈ ಮಂದೆ ತಿಂದು ತೇಗಿತ್ತು. ಅಂಥ ನಲವತ್ತು ಕುರಿಗಳು ಮೂರು ದಿನದಿಂದ ಮೊಣಕಾಲೆತ್ತರದ ಹಸಿರು ಹುಲ್ಲಿನ ಮುಂದೆ ನಿಂತು, ಮೂತಿ ಇಳಿಸಿ, ಹಾಗೇ ಹಿಂದೆ ಸರಿಯುತ್ತಿದ್ದವು.

ಕುರಿಯಮ್ಮ ಎಂದು ಅಲ್ಲಿ ಎಲ್ಲರೂ ಕರೆಯುತ್ತಿದ್ದ ಅವಳಿಗೆ ಇದು ಹೊಸದು. ಕಾರ್ಖಾನೆಯವರು ಮಂದೆಯನ್ನು ಆವರಣದೊಳಗೆ ಬಿಟ್ಟುಕೊಂಡು ಎರಡು ತಿಂಗಳಾಗಿತ್ತು. ಅದಕ್ಕೂ ಮೊದಲು ರಾಸಾಯನಿಕದ ಟ್ಯಾಂಕುಗಳ ಸುತ್ತ ಮಿಷನ್ನಿನಿಂದ ಹುಲ್ಲು ಕತ್ತರಿಸುವಾಗ ಬ್ಲೇಡು ಕಲ್ಲಿಗೆ ತಗಲಿ ಕಿಡಿ ಹಾರಿತ್ತಂತೆ. ದೇವರು ದೊಡ್ಡವನು, ಬೆಂಕಿ ಹತ್ತಲಿಲ್ಲ. ಅಂದಿನಿಂದ ಮಿಷನ್ನು ಮೂಲೆ ಸೇರಿತು, ಕುರಿಗಳು ಒಳಗೆ ಬಂದವು.

ಕುರಿಗಳು ಮೇಯದೆ ಬಿಟ್ಟ ಜಾಗ ಮೊದಲ ದಿನ ಟ್ಯಾಂಕಿನ ಬುಡದಲ್ಲಿ ಒಂದು ಚಾಪೆಯಷ್ಟಿತ್ತು. ಎರಡನೇ ದಿನ ಪಟ್ಟಿಯಾಗಿ ಉದ್ದವಾಯಿತು. ಈ ಬೆಳಿಗ್ಗೆ ಅದರ ತುದಿ ಪ್ಯಾಕಿಂಗ್ ಕೋಣೆಯ ಗೋಡೆ ಮುಟ್ಟಿತ್ತು. ಆ ಕೋಣೆಯೊಳಗೆ ಅವಳ ಒಬ್ಬಳೇ ಮಗಳು, ಇನ್ನೂ ಹನ್ನೆರಡು ಹೆಂಗಸರ ಜೊತೆ, ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದಳು.

ಕುರಿಗೆ ತಿಳಿಯುವುದು ನನಗೇಕೆ ತಿಳಿಯಬಾರದು ಎಂದು ಅವಳು ಮಂಡಿಯೂರಿ ಹುಲ್ಲಿನೊಳಗೆ ಮುಖವಿಟ್ಟಳು. ನಿಂತಾಗ ಏನೂ ಇಲ್ಲ. ನೆಲದ ಹತ್ತಿರ ಮಾತ್ರ ಕೊಳೆತ ಹಣ್ಣಿನಂಥ ಸಿಹಿ ವಾಸನೆ. ಎರಡು ಸಲ ಉಸಿರೆಳೆಯುವಷ್ಟರಲ್ಲಿ ತಲೆ ಗಿರ್ರೆಂದಿತು. ಪಟ್ಟಿಯ ತುದಿ ಎಲ್ಲಿ ಮುಟ್ಟಿದೆಯೆಂದು ಇನ್ನೊಮ್ಮೆ ನೋಡಿ, ಸೇಫ್ಟಿ ಆಫೀಸರಿಗೆ ಹೇಳಿಕಳಿಸಿದಳು.

ಆಫೀಸರು ಅಂಗೈಯಗಲದ ಗ್ಯಾಸ್ ಮೀಟರು ಹಿಡಿದು ಬಂದ. ಹುಲ್ಲೆಲ್ಲ ಇಬ್ಬನಿ. ಅವನಿಗೆ ಬಗ್ಗಲು ಬರುವುದಿಲ್ಲವೆಂದಲ್ಲ, ಪ್ಯಾಂಟಿನ ಇಸ್ತ್ರಿ ಕೆಡುತ್ತಿತ್ತು, ಅಷ್ಟೆ. ಸೊಂಟದ ಮಟ್ಟದಲ್ಲೇ ಮೀಟರು ಆಡಿಸಿ, "ಸೊನ್ನೆ" ಎಂದ.

"ಸಾರ್, ಸ್ವಲ್ಪ ಬಗ್ಗಿ ಹಿಡೀರಿ. ಅದು ನೆಲಕ್ಕೇ ಅಂಟ್ಕೊಂಡಿದೆ."

"ಇದೇನು ಇಲಿಬೋನಾ, ನೆಲದ ಮೇಲಿಡೋಕೆ?"

"ಕುರಿಗಳು ಮೂಸಿ ಮೂಸಿ ವಾಪಸ್ ಬರ್ತಿವೆ ಸಾರ್."

"ಕುರೀನ ಕೇಳಿ ಮಸಾಲೆ ಅರೀತಾರೇನಮ್ಮಾ?" ತನ್ನ ಮಾತಿಗೆ ತಾನೇ ನಕ್ಕ. "ನಾಳೆ ದೊಡ್ಡೋರು ನೋಡೋಕೆ ಬರ್ತಿದಾರೆ. ಇದೊಂದು ಪಟ್ಟಿ ಹೀಗೆ ಪೊದೆ ಥರ ನಿಂತಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ನಿನ್ ಕುರಿ ತಿನ್ನಲ್ವಾ, ಬಿಡು. ಮಿಷನ್ ತರಿಸ್ತೀನಿ."

"ಮಿಷನ್ ಬೇಡ ಅಂತಾನೇ ಅಲ್ವಾ ಸಾರ್ ನಮ್ಮನ್ನ ಕರೆಸಿದ್ದು?"

"ಐದು ನಿಮಿಷದ ಕೆಲಸಕ್ಕೆ ಇಷ್ಟು ಮಾತಾ?" ಎಂದವನೇ ಹೊರಟುಹೋದ.

ಕಲ್ಲಿಗೆ ತಲೆ ಚಚ್ಚಿಕೊಂಡು ಫಲವಿಲ್ಲ ಎಂದುಕೊಂಡು ಅವಳು ನೇರ ಪ್ಯಾಕಿಂಗ್ ಕೋಣೆಯ ಬಾಗಿಲಿಗೆ ನಡೆದಳು. ಹೇಗಾದರೂ ಮಗಳನ್ನು ಹೊರಗೆ ಕರೆಯುವುದು, ಕೈ ಹಿಡಿದು ಗೇಟು ದಾಟಿಸುವುದು, ಇಷ್ಟೇ ಅವಳ ಯೋಚನೆ. ಉಳಿದ ಹನ್ನೆರಡು ಜನ ಆಗ ಅವಳ ನೆನಪಿನಲ್ಲೇ ಇರಲಿಲ್ಲ. ಸುಳ್ಳೇಕೆ, ಹೆತ್ತವಳ ಕಣ್ಣಿಗೆ ಅಲ್ಲಿದ್ದದ್ದು ಒಬ್ಬಳೇ.

"ಅಮ್ಮಾ, ಕೆಲಸದ ಹೊತ್ತಲ್ಲಿ ಹೀಗೆ ಬರ್ಬೇಡ ಅಂತ ಎಷ್ಟು ಸಲ ಹೇಳ್ಲಿ?" ಮಗಳು ಹಲ್ಲು ಕಚ್ಚಿಕೊಂಡು ಹೊರಬಂದಳು. "ಮುಂದಿನ ತಿಂಗಳು ನನ್ನ ಕಾಯಂ ಮಾಡೋ ಮಾತಿದೆ. ಅದಕ್ಕೂ ಕಲ್ಲು ಹಾಕ್ಬೇಡ."

"ಒಂದೇ ಸಲ ಇಲ್ಲಿ ಬಗ್ಗಿ ಮೂಸು ಪುಟ್ಟಿ. ಏನೂ ಇಲ್ದಿದ್ರೆ ಇನ್ಮೇಲೆ ನಿನ್ ಬಾಗಿಲಿಗೆ ಬರಲ್ಲ. ನಿನ್ನಾಣೆ."

ಮಗಳು ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಗ್ಗಿದಳು. ಏಳುವಾಗ ಮುಖದಲ್ಲಿ ರಕ್ತವಿರಲಿಲ್ಲ.

"ಒಳಗೆ ಬೆಳಿಗ್ಗೆಯಿಂದ ಎಲ್ರಿಗೂ ತಲೆನೋವಮ್ಮ. ನಾವು ಅಂಟಿನ ವಾಸನೆ ಅಂದ್ಕೊಂಡಿದ್ವಿ."

ತಾಯಿ ಅವಳ ಮಣಿಕಟ್ಟು ಹಿಡಿದಳು. "ನಡಿ, ಗೇಟಿನ ಕಡೆ ಓಡು."

"ಅಕ್ಕಂದಿರೆಲ್ಲ ಒಳಗಿದಾರಮ್ಮಾ!" ಮಗಳು ಕೈ ಕೊಸರಿಕೊಂಡಳು. ಗೇಟಿನ ಕಡೆ ಅಲ್ಲ, ಬಂದ ಬಾಗಿಲಿಗೇ ಓಡಿದಳು.

ಪಟ್ಟಿಯ ಆ ತುದಿಯಲ್ಲಿ, ಟ್ಯಾಂಕಿನ ಬುಡದಲ್ಲಿ, ಒಬ್ಬ ಆಳು ಮಿಷನ್ನು ಇಳಿಸಿ ಇವರಿಗೆ ಬೆನ್ನು ಹಾಕಿ ನಿಂತಿದ್ದ. ಅವಳು ಗಂಟಲು ಹರಿಯುವಂತೆ ಕೂಗಿದಳು. ಅವನ ಕಿವಿಗೆ ಸದ್ದು ತಡೆಯುವ ಮುಚ್ಚಳವಿತ್ತು. ಅವನು ಚಾಲೂ ಮಾಡುವ ಹಗ್ಗ ಜಗ್ಗಿದ. ಮಿಷನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನತ್ತ ಓಡಿದಳು. ಇನ್ನೂ ನೂರು ಹೆಜ್ಜೆ. ಹಿಂದಿನಿಂದ ಮಗಳ ದನಿ ಕೇಳುತ್ತಲೇ ಇತ್ತು: "ಏಳಿ ಅಕ್ಕಾ, ಏಳಿ, ಚಪ್ಪಲಿ ಆಮೇಲೆ ಹಾಕ್ಕೊಳ್ಳಿ." ಸುಮ್ಮನೆ ಕೈ ಹಿಡಿದು ಎಳೆದುಕೊಂಡು ಹೋಗುವುದು ಬಿಟ್ಟು ಯಾಕಾದರೂ ಮೂಸಲು ಹೇಳಿದೆನೋ ಎಂದು ಅವಳು ತನ್ನನ್ನೇ ಬೈದುಕೊಂಡಳು. ಒಬ್ಬಿಬ್ಬರು ಹೆಂಗಸರು ಗೊಣಗುತ್ತ ಹೊರಗೆ ಬಂದರು. ಮಗಳು ಬರಲಿಲ್ಲ.

ಆಳು ಹಣೆಯ ಬೆವರು ಒರೆಸಿಕೊಂಡು, ಕಾಲನ್ನು ಮಿಷನ್ನಿಗೆ ಊರಿ, ಹಗ್ಗವನ್ನು ಮತ್ತೆ ಕೈಗೆ ಸುತ್ತಿಕೊಂಡ.