‘ವಸ್ತು’ ಎಂಬ ಖಾನೆ

ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ಬ್ಯಾಗಿನಂಗಡಿಯವರ ಅಕ್ಕನ ಮಗಳು ಕಂದು ಬಣ್ಣದ ಬ್ಯಾಗೊಂದನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಫೋಟೊ ತೆಗೆದಳು. ಹಿಂದೆ ಬಿಳಿ ಹಾಳೆ, ಅದು ಬೀಳದಂತೆ ಬಟ್ಟೆ ಒಣಗಿಸುವ ಎರಡು ಕ್ಲಿಪ್ಪು. ಆನ್‌ಲೈನ್ ಜಾಹೀರಾತು ಹಾಕುವುದನ್ನು ಅವಳು ಸಂಜೆ ತರಗತಿಯಲ್ಲಿ ಕಲಿತಿದ್ದಳು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರೂ ಪ್ರತಿ ಸಲ ಗುಂಡಿ ಒತ್ತುವ ಮುಂಚೆ ಕೈ ತಡೆಯುತ್ತಿತ್ತು.

ರಸ್ತೆಯಾಚೆ ದೊಡ್ಡ ಮಳಿಗೆ ಬಂದ ಮೇಲೆ ಈ ಅಂಗಡಿಗೆ ಗಿರಾಕಿಗಳು ಕಡಿಮೆಯಾಗಿದ್ದರು. ಜಾಹೀರಾತೂ ಕೈಹಿಡಿಯದಿದ್ದರೆ ವರ್ಷದ ಕೊನೆಗೆ ಬಾಗಿಲು ಹಾಕುವುದೇ ಸರಿ ಎಂದು ಮಾವ ಹೇಳಿಬಿಟ್ಟಿದ್ದರು.

ಹೆಸರು, ಬಣ್ಣ, ಅಳತೆ, ಬೆಲೆ. ಒಂದೊಂದೇ ಖಾನೆ ತುಂಬುತ್ತ ಬಂದವಳು ‘ವಸ್ತು’ ಎಂಬಲ್ಲಿ ನಿಂತಳು.

“ಮಾವ, ಇಲ್ಲಿ ಏನು ಬರೀಲಿ?”

“ಚರ್ಮ ಅಂತ ಹಾಕು.”

“ಇದು ರೆಕ್ಸಿನ್ ಅಲ್ವಾ?”

“ಎಲ್ರೂ ಹಂಗೇ ಹಾಕ್ತಾರೆ ಕಣೆ. ರೆಕ್ಸಿನ್ ಅಂದ್ರೆ ಯಾರು ತಿರುಗಿ ನೋಡ್ತಾರೆ? ಊರಿಗಿಲ್ಲದ ನ್ಯಾಯ ನಮಗ್ಯಾಕೆ?”

ಅಂಗಡಿ ನಡೆಸುವ ಕಷ್ಟ ತನಗೇನು ಗೊತ್ತು ಎಂದುಕೊಂಡು ಅವಳು ‘ಚ’ ಎಂದು ಒತ್ತಿದಳು. ಅಳಿಸಿದಳು.

ಅಷ್ಟರಲ್ಲಿ ಕೆಲಸಕ್ಕೆ ಹೊರಟಿದ್ದ ನರ್ಸ್ ಒಬ್ಬರು ಒಳಬಂದು, ಅದೇ ಬ್ಯಾಗನ್ನು ಎತ್ತಿಕೊಂಡು, ಬೆಲೆಯನ್ನೂ ನೋಡದೆ ಮೂಗಿನ ಹತ್ತಿರ ಒಯ್ದರು.

“ಅದು ರೆಕ್ಸಿನ್ ಸಿಸ್ಟರ್,” ಎಂದರು ಮಾವ ಕುಳಿತಲ್ಲಿಂದಲೇ. “ಎರಡು ವರ್ಷಕ್ಕೆ ಮೋಸ ಇಲ್ಲ. ಬಿಸಿಲಲ್ಲಿ ಮಾತ್ರ ಇಡ್ಬೇಡಿ, ಸಿಪ್ಪೆ ಏಳುತ್ತೆ.”

“ಹೊಗಳಿ ಮಾರೋದು ಬಿಟ್ಟು ನೀವೇ ತೆಗಳ್ತೀರಲ್ಲ,” ಎಂದು ಆಕೆ ನಕ್ಕರು. “ಇರ್ಲಿ, ಡ್ಯೂಟಿಗೆ ಸಾಕು. ಕೊಡಿ, ಇಂಥದ್ದೇ ಒಂದು ಕಪ್ಪು ಬಣ್ಣದ್ದು.”

ಆಕೆ ಹೋದ ಮೇಲೆ ಹುಡುಗಿಗೆ ಸುಮ್ಮನಿರಲಾಗಲಿಲ್ಲ.

“ಮಾವ, ಅವ್ರು ಕೇಳೇ ಇರ್ಲಿಲ್ಲ. ನೀವಾಗೇ ಯಾಕೆ ಹೇಳಿದ್ರಿ?”

“ಮೂಸಿದ್ರೆ ಗೊತ್ತಾಗ್ಬಿಡುತ್ತಲ್ಲ. ಆಮೇಲೆ ಮುಖ ಎಲ್ಲಿಡ್ಲಿ?”

“ಫೋನಲ್ಲಿ ಮೂಸೋಕಾಗಲ್ಲ.”

ಹೆಚ್ಚು ಮಾತಾಡಿದೆನೇನೋ ಎಂದು ಅವಳು ತಲೆ ತಗ್ಗಿಸಿದಳು. ಮಾವ ಎದ್ದು ಬಂದರು. ಕಂದು ಬ್ಯಾಗನ್ನು ಎತ್ತಿ, ಹೊಸ ಗಿರಾಕಿಯಂತೆ ತಾವೇ ಒಮ್ಮೆ ಮೂಸಿ, ಬಿಳಿ ಹಾಳೆಯ ಮುಂದೆ ಇಟ್ಟರು.

“ಸಿಸ್ಟರ್‌ಗೆ ನಾನು ಏನಂದೆ, ನೆನಪಿದ್ಯಾ?”

“ಇದೆ.”

“ಹಂಗೇ ಬರಿ. ಸಿಪ್ಪೆ ಏಳೋದನ್ನೂ ಬರಿ.”

ಎರಡು ದಿನ ಜಾಹೀರಾತನ್ನು ಜನ ನೋಡಿದರು, ಹೋದರು. ಅವಳು ಗಳಿಗೆಗೊಮ್ಮೆ ಫೋನು ತೆರೆಯುತ್ತಿದ್ದಳು. ಮೂರನೆಯ ದಿನ ಗುರುತಿಲ್ಲದವರೊಬ್ಬರ ಸಂದೇಶ ಬಂತು: “ನನ್ನ ಕೆಲಸ ಇಡೀ ದಿನ ಬಿಸಿಲಲ್ಲೇ. ನನಗೆ ಯಾವ ಬ್ಯಾಗು ಆಗುತ್ತೆ, ನೀವೇ ಹೇಳಿ.”

ಮಾವ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು. ಸ್ಟೂಲು ಎಳೆದು ಹತ್ತಿ, ಕಪಾಟಿನ ಮೇಲಿನ ಅರೆಯಿಂದ ದಪ್ಪ ಬಟ್ಟೆಯ ಕ್ಯಾನ್‌ವಾಸ್ ಬ್ಯಾಗೊಂದನ್ನು ಇಳಿಸಿ, ಅಂಗಿಯ ತೋಳಿನಿಂದ ಧೂಳು ಒರೆಸಿದರು.

“ಹಾಳೆ ಸರಿ ಮಾಡು,” ಎಂದರು. “ಬೆಳಕು ಹೋಗೋ ಮುಂಚೆ ಫೋಟೊ ತೆಗಿ.”